ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ

ನಾನು ಡಾಕ್ಟರ್ ಅಲ್ಲ. ಇಲ್ಲೇ ಟಿ. ನಗರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಬಹಳ ವರ್ಷ ಟೆಕ್ನಿಷಿಯನ್ ಆಗಿದ್ದವಳು. ಇವತ್ತಿಗೂ ನನಗೆ ಮರೆಯಲಾಗದ ಒಂದು ಘಟನೆ ಹೇಳುತ್ತೇನೆ.

ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಎಂಆರ್‌ಐಗೆ ಬಂದಿದ್ದರು. "ಲೋಹದ ವಸ್ತು ಏನಾದರೂ ಇದೆಯೇ?" ಎಂದು ತಮಿಳಿನಲ್ಲಿ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಫಾರಂಗೆ ಸಹಿಯೂ ಆಯಿತು. ಬಾಗಿಲ ಹತ್ತಿರ ಅವರು ಮೊಮ್ಮಗಳೊಡನೆ ಕನ್ನಡದಲ್ಲಿ ಮಾತಾಡುವುದು ಕಿವಿಗೆ ಬಿತ್ತು. ನಾನೂ ಕನ್ನಡದಲ್ಲೇ ಕೇಳಿದೆ: "ಅಜ್ಜೀ, ಆಪರೇಷನ್ ಮಾಡಿ ಮೈಯೊಳಗೆ ಏನಾದರೂ ಇಟ್ಟಿದ್ದಾರಾ?"

"ಹೂಂ ಕಣಮ್ಮ, ಎದೆಯಲ್ಲಿ ಒಂದು ಪುಟ್ಟ ಡಬ್ಬಿ ಇದೆ."

ಪೇಸ್‌ಮೇಕರ್! ಮೊಮ್ಮಗಳಿಗೂ ಗೊತ್ತಿರಲಿಲ್ಲ. ನಾನು ಕೇಳಿದ್ದು ಒಡವೆಯ ವಿಷಯವೆಂದುಕೊಂಡು ಪಾಪ, ಮೂಗುತಿಯನ್ನೂ ಬಿಚ್ಚಿಟ್ಟು ಬಂದಿದ್ದರು. ಸ್ಕ್ಯಾನ್ ನಿಲ್ಲಿಸಿದೆವು. ತಪ್ಪು ಅವರದಲ್ಲ, ನಾನು ಕೇಳಿದ ರೀತಿಯದು.

ಎಂಆರ್‌ಐ ಯಂತ್ರದ ಆಯಸ್ಕಾಂತ ಸ್ಕ್ಯಾನ್ ಇಲ್ಲದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. 2018ರಲ್ಲಿ ಮುಂಬೈಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಚಿನ್ನವನ್ನು ಅದು ಸೆಳೆಯುವುದಿಲ್ಲ. ಆದರೆ ನಾವು ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಳ್ಳುವ ಪಿನ್ನನ್ನು ಸೆಳೆಯುತ್ತದೆ. ಹಾಗಾಗಿ ಎಲ್ಲವನ್ನೂ ತೆಗೆದಿಡುವುದೇ ಕ್ಷೇಮ. ಕೆಲವು ಹೊಸ ಪೇಸ್‌ಮೇಕರ್ ಇದ್ದವರಿಗೆ ಎಂಆರ್‌ಐ ಮಾಡಬಹುದು, ಆದರೆ ವಿಷಯ ಮೊದಲೇ ತಿಳಿದಿರಬೇಕು.

ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಕಿರಣವಿಲ್ಲ. ಎಕ್ಸ್‌ರೇ, ಸಿಟಿ, ಮ್ಯಾಮೋಗ್ರಾಂಗಳಲ್ಲಿ ಇದೆ. ಗರ್ಭಿಣಿಯಾಗಿದ್ದರೆ, ಮುಟ್ಟು ತಡವಾಗಿದ್ದರೂ ಸರಿ, ಅತ್ತೆ ಪಕ್ಕದಲ್ಲಿದ್ದಾರೆಂದು ನಾಚಿಕೊಳ್ಳದೆ ಮೊದಲೇ ಹೇಳಿ. ಸಿಟಿಗೆ ಔಷಧಿ ಚುಚ್ಚುವ ಮುನ್ನ ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆ, ಹಿಂದೆ ಆದ ಅಲರ್ಜಿ ಎಲ್ಲವನ್ನೂ ತಿಳಿಸಿ. ಮ್ಯಾಮೋಗ್ರಾಂ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಬೇಡ. ಅದು ಚಿತ್ರದಲ್ಲಿ ಚುಕ್ಕಿಯಾಗಿ ಕಂಡು ಗೊಂದಲ ಮಾಡಬಹುದು. ಹಳೆಯ ಫಿಲ್ಮು, ರಿಪೋರ್ಟು ಜೊತೆಗಿರಲಿ. ಎಷ್ಟೋ ಸಲ ಮತ್ತೆ ತೆಗೆಸುವುದು ತಪ್ಪುತ್ತದೆ.

ಇಷ್ಟು ಕೇಳಿ ಹೆದರಬೇಡಿ. ಡಾಕ್ಟರು ಬೇಕೆಂದ ಸ್ಕ್ಯಾನನ್ನು ಭಯದಿಂದ ಮುಂದೂಡುವುದೂ ಅಪಾಯವೇ.

ನಮ್ಮ ಮನೆಯ ಹಿರಿಯರು ಎಷ್ಟೋ ವರ್ಷದಿಂದ ಈ ಊರಲ್ಲಿದ್ದರೂ, ಆಸ್ಪತ್ರೆಯಲ್ಲಿ ಅರ್ಥವಾಗದ ಮಾತಿಗೆ ಸಂಕೋಚದಿಂದ ತಲೆಯಾಡಿಸಿಬಿಡುತ್ತಾರೆ. ಇವತ್ತು ಮನೆಗೆ ಹೋದವರೇ ಅಮ್ಮನನ್ನೋ ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಆದ ಆಪರೇಷನ್, ನುಂಗುವ ಮಾತ್ರೆ, ಒಗ್ಗದ ಔಷಧಿ ಎಲ್ಲವನ್ನೂ ಕನ್ನಡದಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ಅವರ ಪರ್ಸಿನಲ್ಲೇ ಇರಲಿ.