ಮನೆ ಮೇಲೆ ಡಿಶ್ಶು ಕೂರಿಸುವ ಬಗೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಸಾಲ, ಗೊಬ್ಬರ, ಷೇರು ಬಂಡವಾಳದ ವಿಚಾರವನ್ನು ನನಗಿಂತ ಬಲ್ಲವರು ಈಗಾಗಲೇ ಹೇಳಿದ್ದಾರೆ. ನನಗೆ ಅಧ್ಯಕ್ಷರು, "ಮನೆಮನೆಗೆ ಉಪಯೋಗ ಆಗೋದು ಏನಾದ್ರೂ ಹೇಳಪ್ಪ" ಅಂದರು. ಅದಕ್ಕೇ ನಾನು ಟಿ.ವಿ. ಡಿಶ್ಶಿನ ವಿಷಯ ಆರಿಸಿಕೊಂಡಿದ್ದೇನೆ. ನಾನು ಇಂಜಿನಿಯರ್ ಅಲ್ಲ, ರೈತ. ಕೈಯಿಂದ ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಇದು ಮೋಜಿನ ವಿಷಯ ಅಂತ ತಿಳಿಯಬೇಡಿ. ಹಿಂದೆ ಹೆಂಚಿನ ಮೇಲೆ ಕಂಬದ ಆಂಟೆನಾ ತಿರುಗಿಸಿ "ಬಂತಾ? ಬಂತಾ?" ಅಂತ ಕೂಗುತ್ತಿದ್ದೆವು. ದೂರದರ್ಶನದ ಆ ಹಳೇ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುತೇಕ ಎಲ್ಲವೂ 2022ರ ಹೊತ್ತಿಗೆ ನಿಂತುಹೋದವು. ಈಗ ತಿಂಗಳ ಬಾಡಿಗೆ ಕಟ್ಟಲಾಗದ ಮನೆಗೆ ಉಳಿದಿರುವುದು ಡಿಡಿ ಫ್ರೀ ಡಿಶ್. ಒಮ್ಮೆ ಸಾಮಾನು ಕೊಂಡರೆ ಆಮೇಲೆ ರೀಚಾರ್ಜ್ ಇಲ್ಲ. ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ವಯಸ್ಸಾದವರಿಬ್ಬರೇ ಇರುವ ಕಡೆ ಚಂದನ ವಾಹಿನಿಯೇ ಜೊತೆಗಾರ. ಆಷಾಢದ ಗಾಳಿಗೋ ಕೋತಿ ಕಾಟಕ್ಕೋ ಡಿಶ್ಶು ಒಂದು ಚೂರು ತಿರುಗಿದರೆ ಸಾಕು, ಟಿ.ವಿ. ಸತ್ತಂತೆ. ಪೇಟೆಯಿಂದ ಮೆಕ್ಯಾನಿಕ್ ಬರುವುದಕ್ಕೆ ವಾರ ಕಾಯಬೇಕು, ಬಂದರೆ ದುಡ್ಡು ಕೊಡಬೇಕು. ಅದಾಗದೆ ಕೆಲವು ಮನೆಗಳಲ್ಲಿ ಡಿಶ್ಶು ಸಂಡಿಗೆ ಒಣಗಿಸುವ ತಟ್ಟೆ ಆಗಿದೆ! ಇದು ನಾವೇ ಮಾಡಿಕೊಳ್ಳಬಹುದಾದ ಕೆಲಸ.

ಮೊದಲು ಅದು ಕೆಲಸ ಮಾಡುವ ರೀತಿ. ಭೂಮಧ್ಯರೇಖೆಯ ನೇರಕ್ಕೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಉಪಗ್ರಹ ಇರುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುವುದರಿಂದ ನಮಗೆ ಒಂದೇ ಜಾಗದಲ್ಲಿ ನಿಂತಂತೆ. ಫ್ರೀ ಡಿಶ್ಶಿನ ಚಾನೆಲ್‌ಗಳು ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಜಾಗದಿಂದ. 2015ರ ನವೆಂಬರ್ 11ರಂದು ಹಾರಿಸಿದ ನಮ್ಮ ಇಸ್ರೋದ ಜಿಸ್ಯಾಟ್-15 ಅಲ್ಲಿನ ಉಪಗ್ರಹ. ಇಂಥ ಉಪಗ್ರಹಗಳು ಜಾಗ ಬಿಟ್ಟು ಸರಿಯದಂತೆ ಕಾಯುವ ಇಸ್ರೋದ ಕೇಂದ್ರ 1982ರಿಂದ ನಮ್ಮ ಹಾಸನದಲ್ಲೇ ಇದೆ ಎಂಬುದು ಹೆಮ್ಮೆಯ ಮಾತು. ಅಲ್ಲಿ ಅದು ನೆಟ್ಟಗೆ ನಿಂತಿದೆ, ಇಲ್ಲಿ ನಮ್ಮ ಡಿಶ್ಶು ನೆಟ್ಟಗೆ ನಿಲ್ಲಬೇಕು, ಅಷ್ಟೇ.

ದಿಕ್ಕು ಯಾವುದು? ನಮ್ಮ ಹಾಸನದ ಕಡೆಗೆ ಅದು ಆಗ್ನೇಯ. ವಾಸ್ತು ನೋಡಿ ಅಡಿಗೆ ಮನೆ ಇಡುತ್ತೀರಲ್ಲ, ಆ ಮೂಲೆ. ಸರಿಯಾಗಿ ಹೇಳಬೇಕೆಂದರೆ ಉತ್ತರದಿಂದ 126 ಡಿಗ್ರಿ, ಅಂದರೆ ಪೂರ್ವದಿಂದ ದಕ್ಷಿಣಕ್ಕೆ 36 ಡಿಗ್ರಿ. ಎತ್ತರ ನೆಲಮಟ್ಟದಿಂದ 65 ಡಿಗ್ರಿ. ಅಳೆಯಲು ಕೈಯೇ ಸಾಕು. ತೋಳು ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಪೂರ್ವದಿಂದ ದಕ್ಷಿಣಕ್ಕೆ ಮೂರೂವರೆ ಮುಷ್ಟಿ, ಅಲ್ಲಿಂದ ಮೇಲಕ್ಕೆ ಆರೂವರೆ ಮುಷ್ಟಿ. ಮೊಬೈಲ್‌ನ ದಿಕ್ಸೂಚಿಯನ್ನೂ ನೋಡಬಹುದು, ಆದರೆ ತಗಡಿನ ಶೀಟು, ಕಬ್ಬಿಣದ ಕಂಬದ ಪಕ್ಕ ಅದು ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಪಕ್ಕದ ಮನೆ ಡಿಶ್ಶು ನೋಡಿಕೊಂಡು ತಿರುಗಿಸಬೇಡಿ. ಏರ್‌ಟೆಲ್‌ನದು 108.2 ಡಿಗ್ರಿ, ಟಾಟಾ ಪ್ಲೇಯದು 83 ಡಿಗ್ರಿ. ಒಂದೊಂದರ ಮುಖ ಒಂದೊಂದು ಕಡೆ.

ಇನ್ನು ಜಾಗ. ನಮ್ಮ ಊರಲ್ಲಿ ತೆಂಗಿನ ಮರದ್ದೇ ತಕರಾರು. ಡಿಶ್ಶಿಗಿಂತ 40 ಅಡಿ ಎತ್ತರದ ಮರವಾದರೆ ಅದರ ಗರಿಯ ತುದಿಯಿಂದ 20 ಅಡಿಯಾದರೂ ಈಚೆ ಡಿಶ್ಶು ಇರಬೇಕು. ಇದಕ್ಕೆ ಸೂರ್ಯನೇ ಸಾಕ್ಷಿ ಹೇಳುತ್ತಾನೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ 11 ಗಂಟೆ ಸುಮಾರಿಗೆ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆಯೇ ಬರುತ್ತಾನೆ. ಆ ಹೊತ್ತಿನಲ್ಲಿ ಡಿಶ್ಶಿನ ಮೇಲೆ ಮರದ ನೆರಳು ಬಿದ್ದರೆ ಮರ ಅಡ್ಡ ಇದೆ ಎಂದೇ ಅರ್ಥ. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ತಾನಾಗಿ ಹೋಗಿ ಬರುವುದೂ ಉಂಟು. ಗಾಬರಿ ಬೇಡ, ಸೂರ್ಯ ಸರಿದರೆ ಸರಿಹೋಗುತ್ತದೆ.

ಕೆಲಸದಲ್ಲಿ ಮುಖ್ಯವಾದದ್ದು ಕಂಬ. ಗಾರೆಯವರ ರಸಮಟ್ಟ ಅಥವಾ ತೂಗುಗುಂಡು ಇಟ್ಟು ಎರಡು ಕಡೆಯಿಂದ ನೋಡಿ ನೆಟ್ಟಗೆ ನಿಲ್ಲಿಸಿ. ಕಂಬ ವಾಲಿದ್ದರೆ ಡಿಶ್ಶನ್ನು ಪಕ್ಕಕ್ಕೆ ತಿರುಗಿಸಿದಾಗ ಎತ್ತರವೂ ಬದಲಾಗುತ್ತದೆ. ಆಮೇಲೆ ಇಡೀ ದಿನ ಹುಡುಕಿದರೂ ಸಿಗುವುದಿಲ್ಲ. ಹಳೇ ಗಿಲಾವಿಗೆ ಮೊಳೆ ಹೊಡೆಯದೆ ಗಟ್ಟಿ ಆರ್‌ಸಿಸಿಗೆ ಬೋಲ್ಟು ಹಾಕಿ.

ಡಿಶ್ಶಿನ ಮುಂದಿರುವ ಕಡ್ಡಿಯ ತುದಿಯದು ಎಲ್‌ಎನ್‌ಬಿ. ಅದರ ಬಾಯಿ ಡಿಶ್ಶಿನ ಕಡೆ ಇರಲಿ. ಕೇಬಲ್ ಸೇರಿಸುವಾಗ ಬಾಕ್ಸಿನ ಕರೆಂಟ್ ತೆಗೆದಿರಬೇಕು. ತುದಿಯ ಜಾಲರಿ ತಂತಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಕೇಬಲ್ಲನ್ನು ಎಲ್‌ಎನ್‌ಬಿ ಕೆಳಗೆ ಒಂದು ಸುತ್ತು ಜೋಲು ಬಿಡಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಈಗ ಹೊಂದಿಸುವುದು. ಒಬ್ಬರು ಮೇಲೆ, ಒಬ್ಬರು ಟಿ.ವಿ. ಮುಂದೆ. ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಬರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಬಹಳ ಜನ ಸೋಲುವುದು ಇಲ್ಲೇ. ಸ್ಟ್ರೆಂತ್ ಪಟ್ಟಿ ಖಾಲಿ ಆಕಾಶ ನೋಡಿದರೂ ಸ್ವಲ್ಪ ತುಂಬಿರುತ್ತದೆ. ನಂಬಬೇಕಾದದ್ದು ಕ್ವಾಲಿಟಿ. ಎತ್ತರವನ್ನು ಸ್ಕೇಲು ನೋಡಿ 65ಕ್ಕೆ ನಿಲ್ಲಿಸಿ. ಈ ಸಣ್ಣ ಡಿಶ್ಶುಗಳು ಕಣ್ಣಿಗೆ ತಗ್ಗಿ ನೋಡಿದಂತೆ ಕಂಡರೂ ಅವು ಹಿಡಿಯುವುದು ಅದಕ್ಕಿಂತ 20 ಡಿಗ್ರಿಗೂ ಹೆಚ್ಚು ಮೇಲಿನಿಂದ. ಆದ್ದರಿಂದ ಕಣ್ಣಂದಾಜು ಬೇಡ. ಆಮೇಲೆ ಪೂರ್ವದಿಂದ ದಕ್ಷಿಣಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಎರಡು ಮೂರು ಸೆಕೆಂಡು ಕಾಯಿರಿ. ಬಾಕ್ಸಿಗೆ ಗುರುತು ಹಿಡಿಯಲು ಅಷ್ಟು ಹೊತ್ತು ಬೇಕು. ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಿಸಿ ಮತ್ತೆ ಶುರುಮಾಡಿ. ಒಂದು ಡಿಗ್ರಿ ಅಂದರೆ ಸಣ್ಣದಲ್ಲ ಸ್ವಾಮಿ. ಉಪಗ್ರಹದ ದೂರಕ್ಕೆ ಅದು 600 ಕಿ.ಮೀ.ಗೂ ಹೆಚ್ಚು!

ಚಿತ್ರ ಬಂತು ಅಂತ ಇಳಿದುಬಿಡಬೇಡಿ. ಎಲ್ಲಿ ಕ್ವಾಲಿಟಿ ಅತಿ ಹೆಚ್ಚೋ ಅಲ್ಲಿಯವರೆಗೆ ಹೊಂದಿಸಿ. ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲೇ ನಿಧಾನ ತಿರುಗಿಸಿ ನೋಡಿ. ಯಾಕೆಂದರೆ ಮಳೆ ಈ ಸಿಗ್ನಲ್ಲನ್ನು ತಿನ್ನುತ್ತದೆ. ಬಿಸಿಲಲ್ಲಿ ಅಂಚಿನಲ್ಲಿದ್ದದ್ದು ಮೊದಲ ಮಳೆಗೇ ಹೋಗುತ್ತದೆ. ನಟ್ಟುಗಳನ್ನು ಒಂದೇ ಸಲ ಬಿಗಿಯದೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ, ಟಿ.ವಿ. ಮುಂದಿರುವವರನ್ನು ಕೇಳುತ್ತಾ ಹೋಗಿ. ಮುಗಿದ ಮೇಲೆ ಕಂಬಕ್ಕೂ ಕ್ಲಾಂಪಿಗೂ ಸೇರಿಸಿ ಬಣ್ಣದಲ್ಲಿ ಒಂದು ಗೀಟು ಎಳೆದಿಡಿ. ನಾಳೆ ಕೋತಿ ತಿರುಗಿಸಿದರೂ ಗೀಟು ಕೂಡಿಸಿದರೆ ಮುಗಿಯಿತು.

ಇನ್ನು ಎಚ್ಚರಿಕೆಯ ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಕರೆಂಟ್ ಲೈನ್ ಹತ್ತಿರ ಕಬ್ಬಿಣದ ಕಂಬ ಎತ್ತಬೇಡಿ. ಕಂಬ ಜಾರಿ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಒದ್ದೆ ಹೆಂಚು, ಹಳೇ ಶೀಟಿನ ಮೇಲೆ ಕಾಲಿಡಬೇಡಿ. ಮಳೆಯಲ್ಲಿ ಚಿತ್ರ ಹೋದರೆ ಮಳೆ ನಿಲ್ಲುವವರೆಗೆ ಸುಮ್ಮನಿರಿ, ಮೇಲೆ ಹತ್ತಬೇಡಿ. ಗುಡುಗು ಶುರುವಾಗುವ ಮೊದಲೇ ಬಾಕ್ಸಿನ ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ತೆಗೆಯಿರಿ. ಟಿ.ವಿ. ಮತ್ತೆ ತರಬಹುದು, ಮನೆಯ ಆಳನ್ನು ತರಲಾಗುವುದಿಲ್ಲ.

ಕೊನೆಯದಾಗಿ ಒಂದು ಸಲಹೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿನ ತಂತಿ ಬಲೆಯಿಂದ ಮಾಡಿದ 10 ಅಡಿ ಡಿಶ್ಶು ಹಳ್ಳಿಗೊಂದು, ಟಿ.ವಿ. ಊರಿಗೆಲ್ಲ ಒಂದು. ಈಗ ಮನೆಗೊಂದು ಡಿಶ್ಶು ಬಂದಿದೆ, ಆದರೆ ಸರಿಮಾಡುವ ವಿದ್ಯೆ ಊರಿಗೊಬ್ಬರಲ್ಲೂ ಇಲ್ಲ. ನಮ್ಮ ಸಂಘದಲ್ಲಿ ಒಂದು ರಸಮಟ್ಟ, ಒಂದು ದಿಕ್ಸೂಚಿ, ಎರಡು ಸ್ಪ್ಯಾನರ್, ಸಿಗ್ನಲ್ ತೋರಿಸುವ ಒಂದು ಸಣ್ಣ ಮೀಟರ್ ಇಟ್ಟು, ಪುಸ್ತಕದಲ್ಲಿ ಬರೆಸಿಕೊಂಡು ಸದಸ್ಯರಿಗೆ ಕೊಡೋಣ. ನಾಲ್ಕು ಜನ ಹುಡುಗರು ಕಲಿಯಲಿ. ಹತ್ತಲಾಗದ ಅಜ್ಜ ಅಜ್ಜಿಯರ ಮನೆಗೆ ಅವರೇ ಮೊದಲು ಹೋಗಲಿ. ಒಬ್ಬರು ಮೇಲೆ ಒಬ್ಬರು ಕೆಳಗೆ ಇಲ್ಲದೆ ಈ ಕೆಲಸ ಆಗುವುದಿಲ್ಲ. ಸಹಕಾರ ಅಂದರೂ ಅದೇ ಅಲ್ಲವೇ?