ಲಾಠಿ ಎತ್ತುವ ಮುನ್ನಿನ ಗಂಟೆಗಳು



ಪೊಲೀಸ್ ಬಲಪ್ರಯೋಗದ ಮಿತಿಗಳನ್ನು ಚರ್ಚಿಸುವ ಈ ವಿಚಾರ ಸಂಕಿರಣ ದೊಡ್ಡಬಳ್ಳಾಪುರದಲ್ಲಿ ನಡೆಯುತ್ತಿರುವುದು ಬಹಳ ಉಚಿತವಾಗಿದೆ. ಇಲ್ಲಿಂದ ಹೊರಟು ಗೌರಿಬಿದನೂರು ದಾಟಿ ಸ್ವಲ್ಪ ದೂರ ಹೋದರೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ಈ ಸೀಮೆಯವರು ಇಂದಿಗೂ ಹೇಳುತ್ತಾರೆ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆಯಿತ್ತು. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಕಥೆ ಗುಂಡಿನ ಸದ್ದಿಗೇ ನಿಂತುಬಿಡುತ್ತದೆ. ಇಲ್ಲಿ ಕುಳಿತಿರುವ ಅಧಿಕಾರಿಗಳು ಗಮನಿಸಬೇಕಾದದ್ದು ಅದರ ಮುಂದಿನ ತಿಂಗಳು ನಡೆದದ್ದನ್ನು. ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲರು ಬೆಂಗಳೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಯಿತು, ಸಂಸ್ಥಾನದ ಬಾವುಟದ ಜೊತೆಯಲ್ಲಿ ರಾಷ್ಟ್ರಧ್ವಜವನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಏಪ್ರಿಲ್‌ನಲ್ಲಿ ಯಾವ ಧ್ವಜಕ್ಕಾಗಿ ಜನ ಗುಂಡಿಗೆ ಬಲಿಯಾದರೋ ಆ ಧ್ವಜಕ್ಕೆ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು.

ಸ್ವಾತಂತ್ರ್ಯಪೂರ್ವದ ಮಾತು ಈಗೇಕೆ ಎನ್ನಬೇಡಿ. 2016ರ ಏಪ್ರಿಲ್ 18 ಮತ್ತು 19ನ್ನು ನೆನಪಿಸಿಕೊಳ್ಳಿ. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ತಂದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಲಾಠಿ ಪ್ರಹಾರವಾಯಿತು, ಅಶ್ರುವಾಯು ಸಿಡಿಯಿತು. ಆಗ ಬೆಂಗಳೂರು ಗ್ರಾಮಾಂತರ ಪೊಲೀಸರ ವ್ಯಾಪ್ತಿಯಲ್ಲಿದ್ದ ಹೆಬ್ಬಗೋಡಿ ಠಾಣೆಯ ಬಳಿ ವಾಹನಗಳಿಗೆ ಬೆಂಕಿ ಬಿತ್ತು. 19ರ ಸಂಜೆ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ಪಡೆಯಿತು. ಎರಡು ದಿನದಲ್ಲಿ ವಿವಾದ ಮುಗಿಯಿತು. ಪೆಟ್ಟು ತಿಂದ ಹೆಣ್ಣುಮಕ್ಕಳಿಗೂ ಕಲ್ಲೇಟು ತಿಂದ ಪೊಲೀಸರಿಗೂ ಅದು ಅಷ್ಟು ಬೇಗ ಮುಗಿಯಲಿಲ್ಲ.

ಇನ್ನೂ ಹತ್ತಿರದ್ದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯದು. ಹದಿಮೂರು ಹಳ್ಳಿಗಳ 1,777 ಎಕರೆ ಜಮೀನಿನ ಭೂಸ್ವಾಧೀನವನ್ನು ವಿರೋಧಿಸಿ ರೈತರು 2022ರ ಏಪ್ರಿಲ್ 4ರಿಂದ ಧರಣಿ ಕುಳಿತಿದ್ದರು. 2025ರ ಜೂನ್ 25ರಂದು 'ದೇವನಹಳ್ಳಿ ಚಲೋ' ನಡೆದಾಗ, ಜಾಗ ಬಿಟ್ಟು ಕದಲದ ಪ್ರತಿಭಟನಾಕಾರರನ್ನು ಪೊಲೀಸರು ಬಲವಂತವಾಗಿ ವಶಕ್ಕೆ ಪಡೆದು ಬಸ್ಸಿಗೆ ಹತ್ತಿಸಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ನಡುವೆ ಇದ್ದದ್ದು ಇಪ್ಪತ್ತು ದಿನ.

ಈ ಮೂರು ಪ್ರಸಂಗಗಳಲ್ಲಿ ಪೆಟ್ಟಿನ ಪ್ರಮಾಣ ಒಂದೇ ಅಲ್ಲ. ಧರಣಿ ಕುಳಿತವರನ್ನು ಎತ್ತಿ ಬಸ್ಸಿಗೆ ಹತ್ತಿಸುವುದಕ್ಕೂ ಗುಂಡು ಹಾರಿಸುವುದಕ್ಕೂ ಅಜಗಜಾಂತರವಿದೆ. ಮೂರರಲ್ಲೂ ಸಮಾನವಾದದ್ದು ಬೇರೊಂದು. ಜಗಳವನ್ನು ಹುಟ್ಟುಹಾಕಿದವರು ಪೊಲೀಸರಲ್ಲ, ಅದನ್ನು ಬಗೆಹರಿಸುವ ಅಧಿಕಾರವೂ ಅವರ ಕೈಯಲ್ಲಿರಲಿಲ್ಲ. ಧ್ವಜ, ಭವಿಷ್ಯನಿಧಿ, ಭೂಮಿ ಮೂರೂ ಇತ್ಯರ್ಥವಾದದ್ದು ಮೇಜಿನ ಸುತ್ತ. ಹಾಗಿದ್ದ ಮೇಲೆ, ಮಾತುಕತೆಯ ಮೇಜಿಗೆ ಜನ ತಲುಪುವವರೆಗೆ ಯಾರ ಕೈಕಾಲೂ ಮುರಿಯದಂತೆ, ಯಾರ ಜೀವವೂ ಹೋಗದಂತೆ ಕಾಲವನ್ನು ದಾಟಿಸುವುದೇ ಬೀದಿಯಲ್ಲಿ ನಿಂತ ಪೊಲೀಸರ ಮುಖ್ಯ ಕೆಲಸ ಎಂದು ನಾನು ತಿಳಿದಿದ್ದೇನೆ. ಬಲಪ್ರಯೋಗದ ಯಾವ ಮಾರ್ಗಸೂಚಿಯನ್ನೂ ನಾನು ಈ ಒಂದು ಅಳತೆಯಿಂದಲೇ ನೋಡುತ್ತೇನೆ.

ಕಾನೂನಿನಲ್ಲಿ ಕೊರತೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಬಂಧನವನ್ನು ಎದುರಿಸುವವನ ಮೇಲೆ ಅಗತ್ಯವಾದಷ್ಟು ಬಲ ಬಳಸಲು ಅವಕಾಶ ಕೊಡುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಅಪರಾಧದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ ಎಂದೂ ಅಲ್ಲೇ ಹೇಳಿದೆ. ಓಡಿಹೋಗದಂತೆ ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚು ಬಿಗಿ ಮಾಡಕೂಡದು ಎನ್ನುತ್ತದೆ 46ನೇ ಕಲಂ. ಅಕ್ರಮ ಕೂಟವನ್ನು ಚದುರಿಸುವ ಅಧಿಕಾರ 148ರಲ್ಲಿದೆ. ಆತ್ಮರಕ್ಷಣೆಗೂ ಮಿತಿಯಿದೆ, ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಸಲ್ಲದು ಎಂದು ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಹೇಳುತ್ತದೆ. ಇಲ್ಲಿರುವ ಯಾವ ಪಿಎಸ್‌ಐಗೂ ಇದು ಗೊತ್ತಿಲ್ಲದ್ದಲ್ಲ.

ತೊಡಕಿರುವುದು ಇನ್ನೊಂದು ಕಡೆ. ಈ ಕಲಂಗಳೆಲ್ಲ ಕೊನೆಯ ಕ್ಷಣವನ್ನು ಅಳೆಯುತ್ತವೆ: ಲಾಠಿ ಎತ್ತಿದಾಗ ಅದು ಅಗತ್ಯವಿತ್ತೇ, ಗುಂಡು ಹಾರಿಸಿದಾಗ ಬೇರೆ ದಾರಿ ಇರಲಿಲ್ಲವೇ ಎಂದು ಕೇಳುತ್ತವೆ. ಆ ಕ್ಷಣದಲ್ಲಿ ನಿಜಕ್ಕೂ ಬೇರೆ ದಾರಿ ಇಲ್ಲದಿರಬಹುದು. ಉಳಿದ ದಾರಿಗಳು ಅದಕ್ಕೂ ಐದಾರು ಗಂಟೆ ಮೊದಲೇ ಒಂದೊಂದಾಗಿ ಮುಚ್ಚಿಹೋಗಿರುತ್ತವೆ. ಅವು ಮುಚ್ಚಿದ್ದು ಹೇಗೆ ಎಂಬುದನ್ನು ಈ ಎರಡು ದಿನ ಚರ್ಚಿಸಬೇಕು ಎಂಬುದು ನನ್ನ ಆಶಯ.

ಬಂದೋಬಸ್ತ್‌ನ ಒಂದು ದಿನವನ್ನು ತೆಗೆದುಕೊಳ್ಳಿ. ಬೆಳಗಿನ ಜಾವ ವ್ಯಾನಿನಿಂದ ಇಳಿದ ತುಕಡಿ ಹೆದ್ದಾರಿ ಪಕ್ಕದಲ್ಲಿ ನಿಲ್ಲುತ್ತದೆ. ತಿಂಡಿ ಪೊಟ್ಟಣ ಹತ್ತು ಗಂಟೆಗೆ ಬಂದರೆ ಬಂತು. ಮಹಿಳಾ ಸಿಬ್ಬಂದಿ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ, ಹತ್ತಿರದಲ್ಲೆಲ್ಲೂ ಶೌಚಾಲಯವಿಲ್ಲ. ಹೆಲ್ಮೆಟ್ಟಿನೊಳಗೆ ಬೆವರು, ಎದುರಿಗೆ ಘೋಷಣೆ, ಬದಲಿ ತುಕಡಿ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ಮಧ್ಯಾಹ್ನ ಮೂರರ ಹೊತ್ತಿಗೆ ಯಾವನೋ ಹುಡುಗ ಒಂದು ಕಲ್ಲು ಎಸೆಯುತ್ತಾನೆ. ಆಗ ಆ ಕಾನ್‌ಸ್ಟೆಬಲ್‌ ಎಷ್ಟು ಜೋರಾಗಿ ಬೀಸುತ್ತಾರೆ, ತಲೆಗೋ ಕಾಲಿಗೋ ಎಂಬುದನ್ನು ತರಬೇತಿ ಶಾಲೆಯ ಪಾಠ ಎಷ್ಟು ನಿರ್ಧರಿಸುತ್ತದೋ ಆ ದಿನದ ದಣಿವೂ ಅಷ್ಟೇ ನಿರ್ಧರಿಸುತ್ತದೆ. ಗಾರ್ಮೆಂಟ್ಸ್ ಪ್ರತಿಭಟನೆ ನಡೆದ ವರ್ಷವೇ, ಜೂನ್ 4ರಂದು ಸಾಮೂಹಿಕ ರಜೆ ಹಾಕಲು ರಾಜ್ಯದ ಪೊಲೀಸ್ ಸಿಬ್ಬಂದಿ ಮುಂದಾಗಿದ್ದರು. ಸಂಬಳ, ರಜೆ, ದುಡಿಮೆಯ ಅವಧಿ ಅವರ ಅಹವಾಲುಗಳಾಗಿದ್ದವು. ಸಿಬ್ಬಂದಿಯ ಊಟ, ನೀರು, ಪಾಳಿಗಳನ್ನು ಬಲಪ್ರಯೋಗದ ಮಾರ್ಗಸೂಚಿಯೊಳಗೇ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಅಂಗೀಕರಿಸಿದ ಬಲಪ್ರಯೋಗದ ಮೂಲ ತತ್ವಗಳಲ್ಲಿ ಸಿಬ್ಬಂದಿಯ ಮಾನಸಿಕ ಒತ್ತಡಕ್ಕೆ ಸಮಾಲೋಚನೆ, ಗುರಾಣಿ, ಹೆಲ್ಮೆಟ್‌ನಂಥ ರಕ್ಷಣಾ ಸಲಕರಣೆ ಒದಗಿಸುವ ಮಾತು ಸುಮ್ಮನೆ ಬಂದಿಲ್ಲ. ಮೈಗೆ ರಕ್ಷಣೆ ಇದ್ದವರಿಗೆ ಆಯುಧದ ಅವಸರ ಬೀಳುವುದಿಲ್ಲ.

ಮಾತನಾಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. 2016ರ ಪ್ರತಿಭಟನೆಯಲ್ಲಿ ಮುಂಚೂಣಿಯಲ್ಲಿ ಪರಿಚಿತ ಮುಖಂಡರಿರಲಿಲ್ಲ. ಶಿಫ್ಟ್ ಬಿಟ್ಟು ಬಂದ ಹೆಣ್ಣುಮಕ್ಕಳೇ ಗುಂಪು, ಅವರೇ ನಾಯಕಿಯರು. ಅಂಥ ಕಡೆ 'ನಿಮ್ಮ ಲೀಡರ್ ಯಾರು, ಕರೆಯಿರಿ' ಎನ್ನುವ ಹಳೆಯ ಕ್ರಮ ನಡೆಯುವುದಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ, ವಿಮಾನ ನಿಲ್ದಾಣದ ಸುತ್ತ, ಹೊಸಕೋಟೆಯ ಗೋದಾಮುಗಳಲ್ಲಿ ಇಂದು ಒಡಿಶಾ, ಬಿಹಾರ, ಅಸ್ಸಾಂನಿಂದ ಬಂದವರು ದುಡಿಯುತ್ತಿದ್ದಾರೆ. ಚದುರಿ ಎಂದು ಮೆಗಾಫೋನಿನಲ್ಲಿ ಕೊಡುವ ಎಚ್ಚರಿಕೆ ಕನ್ನಡದಲ್ಲಷ್ಟೇ ಇದ್ದರೆ ಅರ್ಧ ಗುಂಪಿಗೆ ಅದು ತಲುಪಿಯೇ ಇರುವುದಿಲ್ಲ. ತಲುಪದ ಎಚ್ಚರಿಕೆ ಕೊಟ್ಟಂತೆಯೂ ಅಲ್ಲ. ಹಿಂದಿ ಬಲ್ಲ, ಜನರ ಕೋಪಕ್ಕೆ ಕಿವಿಗೊಡಬಲ್ಲ ಒಬ್ಬ ಎಎಸ್‌ಐಯನ್ನೋ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಅವರನ್ನೋ ಮಾತುಕತೆಗೆಂದೇ ನೇಮಿಸಿ ಅವರ ಹೆಸರನ್ನು ಬಂದೋಬಸ್ತ್ ಆದೇಶದಲ್ಲಿ ಬರೆಯಬೇಕು. ಜನ ಹೊರಗೆ ಹೋಗುವ ದಾರಿ ಯಾವುದೆಂದೂ ಬರೆಯಬೇಕು. ನಾಲ್ಕೂ ಕಡೆ ಬ್ಯಾರಿಕೇಡ್ ಹಾಕಿ ಚದುರಿ ಎಂದರೆ ಜನ ಎಲ್ಲಿಗೆ ಹೋಗಬೇಕು?

ಇನ್ನು ಒಂಟಿ ಆರೋಪಿಯ ವಿಚಾರ. ಇಲ್ಲಿ ನಾನು ಮೊದಲು ಸ್ಮರಿಸಬೇಕಾದದ್ದು ಪಿಎಸ್‌ಐ ಜಗದೀಶ್ ಅವರನ್ನು. 2015ರ ಅಕ್ಟೋಬರ್‌ನಲ್ಲಿ ದೊಡ್ಡಬಳ್ಳಾಪುರ ಠಾಣೆಯ ಈ ಯುವ ಅಧಿಕಾರಿಯನ್ನು, ಹಿಡಿಯಲು ಬೆನ್ನಟ್ಟಿದ್ದ ವಾಹನ ಕಳ್ಳರು ನೆಲಮಂಗಲದಲ್ಲಿ ಇರಿದು ಕೊಂದರು. ಪೊಲೀಸರು ಸಂಯಮದಿಂದಿರಬೇಕು ಎಂದು ಈ ಜಿಲ್ಲೆಯಲ್ಲಿ ಹೇಳುವ ಯಾರೇ ಆಗಲಿ ಆ ಸಾವನ್ನು ಮರೆತು ಮಾತನಾಡಬಾರದು. ಅಪಾಯ ಕಲ್ಪನೆಯಲ್ಲ. ಹಿಡಿಯಲು ಹೋಗುವವರಿಗೆ ಎಷ್ಟು ಜನರ ಬೆಂಬಲವಿದೆ, ಚಾಕು ತಡೆಯುವ ಜಾಕೆಟ್ ಇದೆಯೇ, ಪಕ್ಕದ ಠಾಣೆಗೆ ಸುದ್ದಿ ಹೋಗಿದೆಯೇ ಎಂಬ ಪ್ರಶ್ನೆಗಳು ಅಧಿಕಾರಿಯ ಜೀವವನ್ನೂ ಉಳಿಸುತ್ತವೆ, ಆರೋಪಿಯದನ್ನೂ ಉಳಿಸುತ್ತವೆ.

ಆ ದೃಷ್ಟಿಯಿಂದಲೇ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುವ ಒಂದು ಸುದ್ದಿಯನ್ನು ನಿಮ್ಮ ಮುಂದಿಡುತ್ತೇನೆ. ಆರೋಪಿಯನ್ನು ಮಹಜರಿಗೆಂದೋ ಆಯುಧ ತೋರಿಸಲೆಂದೋ ಮುಂಜಾನೆ ಕರೆದೊಯ್ಯಲಾಗುತ್ತದೆ. ಅವನು ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸುತ್ತಾನೆ. ಗಾಳಿಯಲ್ಲಿ ಒಂದು ಗುಂಡು, ಆಮೇಲೆ ಕಾಲಿಗೆ ಒಂದು. ಯಾವುದೇ ಒಂದು ಪ್ರಕರಣ ಸುಳ್ಳೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದೂ ಅಕ್ಷರಶಃ ನಿಜವೆಂದೇ ಇಟ್ಟುಕೊಳ್ಳೋಣ. ನಿಜವಾದರೆ ಚಿಂತೆ ಇನ್ನೂ ಹೆಚ್ಚಬೇಕು. ಒಂದೇ ರೀತಿಯ ಹಲ್ಲೆ ಪದೇ ಪದೇ ನಡೆಯುತ್ತಿದ್ದರೆ, ಆಯುಧ ಬಚ್ಚಿಟ್ಟ ಜಾಗಕ್ಕೆ ಆರೋಪಿಯನ್ನು ಕೋಳ ಹಾಕದೆ ಕರೆದೊಯ್ಯುವುದೇಕೆ? ಜಾಗವನ್ನು ಮೊದಲೇ ಸುತ್ತುವರಿದು ನೋಡುವುದಿಲ್ಲವೇಕೆ? ಕೊಲೆ, ಅತ್ಯಾಚಾರ, ಸಂಘಟಿತ ಅಪರಾಧದಂಥ ಪ್ರಕರಣಗಳಲ್ಲಿ ಬಂಧಿಸುವಾಗ, ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಕೋಳ ತೊಡಿಸಲು ಈಗ 43ನೇ ಕಲಮಿನ ಮೂರನೇ ಉಪಕಲಂ ಸ್ಪಷ್ಟ ಅವಕಾಶ ಕೊಟ್ಟಿದೆಯಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಬೆಳಗಾವಿ ಜಿಲ್ಲೆಯಲ್ಲಿ ಚೆಕ್ ಬೌನ್ಸ್ ಪ್ರಕರಣದ ವಾರಂಟ್ ಇದ್ದ ಒಬ್ಬ ಕಾನೂನು ವಿದ್ಯಾರ್ಥಿಗೆ ಕೋಳ ಹಾಕಿ ಜನರ ಮುಂದೆ ನಡೆಸಿಕೊಂಡು ಹೋದದ್ದಕ್ಕೆ 2022ರಲ್ಲಿ ಕರ್ನಾಟಕ ಹೈಕೋರ್ಟ್ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧನಕ್ಕೆ ಹೋಗುವ ಅಧಿಕಾರಿಗಳಿಗೆ ದೇಹಕ್ಕೆ ತೊಡುವ ಕ್ಯಾಮೆರಾ ಒದಗಿಸಿ ಎಂದೂ ಹೇಳಿತು. ಓಡಿಹೋಗುವ ಭಯವೇ ಇಲ್ಲದವನ ಕೈಗೆ ಕೋಳ, ಹಲ್ಲೆಯ ಭಯವಿರುವವನ ಕೈ ಖಾಲಿ! ಈ ತಿರುವುಮುರುವು ನಮ್ಮ ತರಬೇತಿಯ ಕೊರತೆಯನ್ನು ಹೇಳುತ್ತದೆ. ಆ ಕ್ಯಾಮೆರಾ ಪ್ರಾಮಾಣಿಕ ಅಧಿಕಾರಿಗೆ ದೊಡ್ಡ ರಕ್ಷಣೆ ಎಂಬುದನ್ನೂ ಸೇರಿಸುತ್ತೇನೆ. ನಿಜವಾಗಿಯೂ ಹಲ್ಲೆ ನಡೆದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗದು.

2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ ಹದಿನಾರು ನಿರ್ದೇಶನಗಳನ್ನು ಕೊಟ್ಟಿತು. ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಗಾಯಾಳುವಿಗೆ ಚಿಕಿತ್ಸೆ ಇವೆಲ್ಲ ಎಲ್ಲರಿಗೂ ಗೊತ್ತು. ಸಾವು ಸಂಭವಿಸದೆ ತೀವ್ರ ಗಾಯವಾದ ಪ್ರಕರಣಗಳಿಗೂ ಇವು ಸಾಧ್ಯವಾದಮಟ್ಟಿಗೆ ಅನ್ವಯಿಸುತ್ತವೆ ಎಂದು ಅದೇ ತೀರ್ಪಿನಲ್ಲಿರುವ ಮಾತು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮೂಳೆ ಪುಡಿಯಾದ ಕಾಲು ತೀವ್ರ ಗಾಯವೇ. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿಗಳು ಬೇಡ ಎಂದೂ ನ್ಯಾಯಾಲಯ ಹೇಳಿದೆ. ಹೂಮಾಲೆ ಹಾಕಲು ಠಾಣೆಯ ಬಾಗಿಲಿಗೆ ಬರುವ ನಾಗರಿಕರೂ ಇದನ್ನು ತಿಳಿಯಬೇಕು. ಅವರ ಚಪ್ಪಾಳೆಯ ಒತ್ತಡ ಮುಂದಿನ ಮುಂಜಾನೆಯ ಮಹಜರಿನಲ್ಲಿ ಇನ್ನೊಬ್ಬ ಅಧಿಕಾರಿಯ ಕೈಯನ್ನು ಪಿಸ್ತೂಲಿನ ಕಡೆಗೆ ಒಯ್ಯಬಹುದು. ಅಂಥ ಘಟನೆಯ ವಿಚಾರಣೆಗೆ ವರ್ಷಗಟ್ಟಲೆ ಅಲೆಯುವವರು ಆ ಅಧಿಕಾರಿ, ಮಾಲೆ ಹಾಕಿದವರಲ್ಲ.

ಇವತ್ತಿನ ಮೊದಲ ಗೋಷ್ಠಿಗೆ ಠಾಣಾಧಿಕಾರಿಗಳು ತಮ್ಮ ಹಳೆಯ ಬಂದೋಬಸ್ತ್ ಆದೇಶಗಳ ಪ್ರತಿಗಳನ್ನು ತಂದಿದ್ದೀರಿ. ವಕೀಲರು, ವಿದ್ಯಾರ್ಥಿಗಳು ನಿಮ್ಮ ಪಕ್ಕದಲ್ಲೇ ಕುಳಿತು ಅವನ್ನು ಸಾಲು ಸಾಲಾಗಿ ಓದಲಿ. ಮಾತುಕತೆಗೆ ಯಾರ ಹೆಸರಿದೆ, ಎಚ್ಚರಿಕೆ ಯಾವ ಯಾವ ಭಾಷೆಯಲ್ಲಿ, ಆಂಬುಲೆನ್ಸ್ ಎಲ್ಲಿ ನಿಂತಿರಬೇಕು, ಸಿಬ್ಬಂದಿಯ ಬದಲಿ ಎಷ್ಟು ಗಂಟೆಗೆ ಎಂದು ಹುಡುಕಲಿ. ಖಾಲಿ ಬಿಟ್ಟಿರುವ ಜಾಗಗಳನ್ನು ಗುರುತು ಮಾಡಿ. ನಾಳೆ ಮಧ್ಯಾಹ್ನದೊಳಗೆ ಆ ಜಾಗಗಳನ್ನು ತುಂಬಿದ ಒಂದು ಮಾದರಿ ಆದೇಶವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಎಸ್‌ಪಿಯವರ ಕೈಗೆ ಕೊಡೋಣ.