ಕಂಪ್ಯೂಟರ್ ಬರಹದ ಒಳಗುಟ್ಟು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮೈಕ್ರೋಸಾಫ್ಟ್‌ನವರ ವರ್ಡ್ 97ರೊಳಗೆ ಒಂದು ಪಿನ್‌ಬಾಲ್ ಆಟ ಅಡಗಿತ್ತು. ಇಂಗ್ಲಿಷಿನಲ್ಲಿ ‘ಬ್ಲೂ’ ಎಂದು ಟೈಪ್ ಮಾಡಿ, ಅದನ್ನು ದಪ್ಪಕ್ಷರಕ್ಕೂ ನೀಲಿ ಬಣ್ಣಕ್ಕೂ ತಿರುಗಿಸಿ, ಹೆಲ್ಪ್ ಮೆನುವಿಗೆ ಹೋಗಿ ಇನ್ನೆರಡು ಕೀಲಿ ಒತ್ತಿದರೆ ಆಟ ತೆರೆದುಕೊಳ್ಳುತ್ತಿತ್ತು. ತಯಾರಿಸಿದವರ ತುಂಟತನ, ಯಾರಿಗೂ ನಷ್ಟವಿಲ್ಲ. ನಷ್ಟ ಮಾಡುವ ಗುಟ್ಟುಗಳು ಬೇರೆ ಇವೆ.

1970ರ ದಶಕದ ಕೊನೆಯಲ್ಲಿ ಬಂದ ವರ್ಡ್‌ಸ್ಟಾರ್ ಪ್ರತಿ ಪದದ ಕೊನೆಯ ಅಕ್ಷರಕ್ಕೆ ಒಳಗೊಳಗೇ ಒಂದು ಗುರುತು ಹಾಕುತ್ತಿತ್ತು. ಸಾಲುಗಳನ್ನು ಸಮ ಮಾಡಲು ಅದಕ್ಕೆ ಅನುಕೂಲ. ಅದೇ ಕಡತವನ್ನು ಬೇರೆ ತಂತ್ರಾಂಶದಲ್ಲಿ ತೆರೆದರೆ ಪ್ರತಿ ಪದದ ಬಾಲದಲ್ಲೂ ವಿಚಿತ್ರ ಚಿಹ್ನೆ!

ನಮ್ಮ ಕನ್ನಡದ ಕತೆ ಇದಕ್ಕಿಂತ ಸ್ವಾರಸ್ಯ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿ. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಎಫ್ ಧ್ವನಿ ಕನ್ನಡಕ್ಕೆ ಸ್ವಂತದ್ದಲ್ಲವಾದ್ದರಿಂದ ಆ ಕೀಲಿ ಬಿಡುವಾಗಿತ್ತೇನೋ. (ಫಾತಿಮಾ, ಯೂಸುಫ್ ಇರುವ ಮನೆಗಳಲ್ಲಿ ಅದು ಎಂದೂ ಬಿಡುವಿಲ್ಲ!)

ಹಳೆಯ ನುಡಿ ಕಡತದಲ್ಲಿ ನಿಜವಾಗಿ ಕನ್ನಡ ಇರುತ್ತಿರಲಿಲ್ಲ. ‘ಕನ್ನಡ’ ಎಂದು ಬರೆದರೆ ಒಳಗೆ ಉಳಿಯುತ್ತಿದ್ದುದು ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡಿನ ಗುರುತು, ಹೀಗೆ. ಪಿ ಎಂದರೆ ತಲೆಕಟ್ಟಿಲ್ಲದ ಕ, ಗೀಟಿನ ಎ ಎಂದರೆ ತಲೆಕಟ್ಟು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಉರ್ದುವಿನಲ್ಲೂ ಅಷ್ಟೇ. ಮಿರ್ಜಾ ಅಹ್ಮದ್ ಜಮೀಲ್ 1981ರಲ್ಲಿ ಕೊಟ್ಟ ನೂರಿ ನಸ್ತಾಲೀಕ್‌ಗಾಗಿ ಸುಮಾರು 20,000 ಜೋಡಣೆಗಳನ್ನು ಬರೆಯಲಾಗಿತ್ತು. ಅದೇ ಲಿಪಿಯನ್ನು 1994ರಲ್ಲಿ ಇನ್‌ಪೇಜ್ ನಮ್ಮ ಮೇಜಿಗೆ ತಂದಿತು. ಆದರೆ ಹಳೆಯ ಇನ್‌ಪೇಜ್ ಕಡತವನ್ನು ಸಾಮಾನ್ಯ ಬರಹದ ತಂತ್ರಾಂಶಗಳು ನೇರವಾಗಿ ಓದಲಾರವು.

ಯುನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಆ ನಡುವಿನ ಹಾಗೂ ನಂತರದ ಎಷ್ಟೋ ವರ್ಷಗಳ ವಾರ್ಷಿಕ ವರದಿ, ವಿದ್ಯಾರ್ಥಿವೇತನದ ಪಟ್ಟಿ, ಜಮಾಅತಿನ ಲೆಕ್ಕ ಎಲ್ಲವೂ ಈ ಗುಪ್ತ ಸಂಕೇತಗಳಲ್ಲಿವೆ.

ಅವನ್ನು ಪರಿವರ್ತಿಸಲು ತಂತ್ರಾಂಶಗಳಿವೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ‘ಅರ್ಷದ್’ ಎಂಬ ಹೆಸರನ್ನೇ ನೋಡಿ. ಹಳೆಯ ಸಂಕೇತದಲ್ಲಿ ಮೊದಲು ಷ, ಅದರ ಹಿಂದೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ರ ಮೊದಲು, ಷ ಆಮೇಲೆ. ಅದಲುಬದಲು ಸರಿಯಾಗದಿದ್ದರೆ ಹುಡುಗನ ಹೆಸರೇ ಕೆಡುತ್ತದೆ. ದಾಖಲೆಯಲ್ಲಿ ಕೆಟ್ಟ ಹೆಸರನ್ನು ತಿದ್ದಿಸಲು ತಂದೆ ಎಷ್ಟು ಬಾರಿ ಕಚೇರಿ ಸುತ್ತಬೇಕೆಂದು ಇಲ್ಲಿರುವ ಹಿರಿಯರಿಗೆ ಗೊತ್ತು.

ಪಿಯುಸಿ, ಡಿಗ್ರಿ ವಿದ್ಯಾರ್ಥಿಗಳು ರಜೆಯಲ್ಲಿ ಈ ಕೆಲಸಕ್ಕೆ ಕೂರಲಿ. ಅರ್ಕಾವತ್ತಿನ ಹೆಸರುಗಳನ್ನು ಮೊದಲು ಮುದ್ರಿತ ಪ್ರತಿಯೊಡನೆ ಹೋಲಿಸಿ. ಕೆಲಸ ಮುಗಿದ ಮೇಲೂ ಮೂಲ ಕಡತವನ್ನು, ಆ ಫಾಂಟ್ ಸಮೇತ, ಒಂದು ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಇಟ್ಟುಕೊಂಡಿರಿ.